ಅಟ್ಟದ ಮೇಲಿದ್ದ ಚರ್ಮ

“ನೀವು ನಂಬಲಿಕ್ಕಿಲ್ಲ ಗುರುಗಳೇ. ಬೇಕಾದರೆ ನಾಳೆಯೇ ಯಾವ ಊರಿಗಾದರೂ ಕಳಿಸಿ ನೋಡಿ. ನಾನು ಎದ್ದು ನಿಂತು ವಾದ ಹೂಡಿದರೆ ಒಪ್ಪದೆ ಹೋಗುವ ಗಂಡಸು ಇನ್ನೂ ಹುಟ್ಟಿಲ್ಲ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕಾರಣ ಕೊಡುತ್ತೇನೆ. ಸಾಕ್ಷಿ ತೋರಿಸುತ್ತೇನೆ. ಅಡ್ಡಮಾತು ತೆಗೆದವನಿಗೆ ಅಲ್ಲೇ ಉತ್ತರ ಕೊಡುತ್ತೇನೆ. ವಾದದಲ್ಲಿ ಇನ್ನು ಉಳಿದ ಅಂಗ ಯಾವುದು?” ಎಂದು ಭರಮಣ್ಣನೆಂಬ ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಹೊಳೆಯ ದಡದ ಊರೊಂದರಲ್ಲಿ ಒಬ್ಬ ರೈತನಿದ್ದ. ಮಾತಿನಲ್ಲಿ ಅವನನ್ನು ಮೀರಿಸುವವರು ಸುತ್ತಲ ಸೀಮೆಯಲ್ಲಿರಲಿಲ್ಲ. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು. ಊರವರ ಹೊಲಗಳೆಲ್ಲ ಆಚೆ ದಡದಲ್ಲಿದ್ದವು. ದಾಟಲು ಇದ್ದದ್ದು ಒಂದೇ ಹರಿಗೋಲು, ಬಿದಿರ ಬುಟ್ಟಿಗೆ ಕೋಣದ ಚರ್ಮ ಬಿಗಿದದ್ದು. ರೈತನ ಹೆಂಡತಿ ದಿನವೂ ಅದರಲ್ಲೇ ಕಳೆ ಕೀಳಲು ಹೋಗುತ್ತಿದ್ದಳು. ಒಂದು ಸಂಜೆ ಅವಳ ಸೀರೆ ಮೊಳಕಾಲಿನವರೆಗೆ ನೆನೆದದ್ದನ್ನು ಕಂಡು ಅವನು ದಡಕ್ಕೆ ಹೋಗಿ ಹರಿಗೋಲನ್ನು ಕವುಚಿ ನೋಡಿದ. ಚರ್ಮ ಕೊಳೆತಿತ್ತು. ಆಗಲೇ ಊರನ್ನು ಕಟ್ಟೆಗೆ ಕೂಡಿಸಿದ.

ಈ ಹರಿಗೋಲು ನಮ್ಮನ್ನು ಮುಳುಗಿಸುತ್ತದೆ ಎಂದು ಮೊದಲ ಮಾತಿನಲ್ಲೇ ಹೇಳಿದ. ಯಾಕೆಂದೂ ಹೇಳಿದ. ಚರ್ಮ ಎಣ್ಣೆ ಕಂಡು ವರ್ಷಗಳಾಗಿವೆ, ಮೇಲೆ ಹೊಳೆ ಬೇರೆ ಏರುತ್ತಿದೆ. ಅಂಚಿನಿಂದ ಕೊಯ್ದು ತಂದಿದ್ದ ತುಂಡನ್ನು ಎತ್ತಿ ಹಿಡಿದು ಕಿರುಬೆರಳಿನಿಂದ ಒತ್ತಿದ. ಬೆರಳು ಆಚೆ ಬಂತು. ಎಲ್ಲರೂ ಹೌದೆಂದು ತಲೆಯಾಡಿಸಿದರು.

ಅಂಬಿಗ ಮಾತ್ರ ಕೇಳಿದ: “ಇಷ್ಟು ಮಳೆಗಾಲ ತಡೆದದ್ದು ಇದೊಂದನ್ನು ತಡೆಯುವುದಿಲ್ಲವೇನಣ್ಣಾ?”

“ನಿಮ್ಮಜ್ಜನೂ ಎಲ್ಲ ಮಳೆಗಾಲ ತಡೆದಿದ್ದನಪ್ಪಾ, ಹೋದ ವರ್ಷದ್ದೊಂದನ್ನು ಬಿಟ್ಟು.”

ಜನ ಬಿದ್ದು ಬಿದ್ದು ನಕ್ಕರು. ಅಂಬಿಗನೂ ನಕ್ಕು ತಲೆ ತಗ್ಗಿಸಿದ. ಊರಗೌಡ ತನ್ನ ಹೆಗಲ ಶಾಲನ್ನೇ ತೆಗೆದು ರೈತನಿಗೆ ಹೊದಿಸಿದ. ಇನ್ನೇನೋ ಒಂದು ಮಾತು ಉಳಿಯಿತಲ್ಲ ಎಂದು ರೈತನಿಗೆ ಅನ್ನಿಸಿತು. ಶಾಲು ಬೆಚ್ಚಗಿತ್ತು. ಕುಳಿತುಬಿಟ್ಟ.

ಊರವರು ಇನ್ನು ಗೌಡರು ನೋಡಿಕೊಳ್ಳುತ್ತಾರೆ ಎಂದುಕೊಂಡರು. ಗೌಡ, ಅಂಬಿಗ ನೋಡಿಕೊಳ್ಳುತ್ತಾನೆ ಎಂದುಕೊಂಡ. ಅಂಬಿಗ ಯಾರಾದರೂ ಹೇಳಲಿ ಎಂದು ಕಾದ. ಬೆಳಗಾಯಿತು. ಆಚೆ ಹೊಲದಲ್ಲಿ ಕಳೆ ಬೆಳೆಯುತ್ತಿತ್ತು.

ರೈತ ಶಾಲು ಹೊದ್ದು ಕಟ್ಟೆಯ ಮೇಲಿದ್ದ. ನಿನ್ನೆ ಬಾರದವರು ಆ ಬೆರಳಿನ ಸಂಗತಿಯನ್ನು ಇನ್ನೊಮ್ಮೆ ಹೇಳೆಂದು ಸುತ್ತ ಕುಳಿತಿದ್ದರು. ಹೆಂಡತಿ ಕುಡುಗೋಲು ಹಿಡಿದು ಹೊಳೆಯ ಕಡೆ ನಡೆದದ್ದನ್ನು ಅವನು ಕಂಡ. ಮಾತು ಅರ್ಧಕ್ಕಿತ್ತು. ಮುಗಿಸಿ ಕರೆದರಾಯಿತು ಎಂದುಕೊಂಡ.

ನಡುಹೊಳೆಯಲ್ಲಿ ಚರ್ಮ ಹರಿಯಿತು. ಈಜಿ ದಡ ಸೇರಿದವನು ಅಂಬಿಗನೊಬ್ಬನೇ. ಹರಿಗೋಲಿನಲ್ಲೂ ಎಲ್ಲರೂ ರೈತನ ಮಾತನ್ನೇ ಹೊಗಳುತ್ತಿದ್ದರೆಂದು ಅವನೇ ಬಂದು ಹೇಳಿದ.

ಹೆಂಡತಿಯನ್ನು ಮಣ್ಣು ಮಾಡಿ ಬಂದ ರೈತ ನೇರವಾಗಿ ಗೌಡನ ಮನೆಗೆ ಹೋದ. “ಅಷ್ಟು ಹೇಳಿದೆನಲ್ಲ ಗೌಡರೇ, ಒಬ್ಬರ ಕಿವಿಗೂ ಬೀಳಲಿಲ್ಲವೇ?”

“ಬಿತ್ತಲ್ಲೋ. ಎಲ್ಲರೂ ಒಪ್ಪಿದೆವು. ಹದ ಮಾಡಿದ ಚರ್ಮ ನಮ್ಮ ಅಟ್ಟದ ಮೇಲೇ ಇತ್ತು. ನೀನು ಕೇಳಲಿಲ್ಲ.”

ರೈತ ಹೆಗಲ ಶಾಲನ್ನು ತೆಗೆದು ಜಗಲಿಯ ಮೇಲಿಟ್ಟ. “ಚರ್ಮ ಕೊಡಿ” ಎಂದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಭರಮಣ್ಣನಿಗೆ ತನ್ನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು, ಆದರೆ ಅದನ್ನು ಬಾಯಿ ಬಿಟ್ಟು ಹೇಳಲು ಅವನಿಗೆ ಮನಸ್ಸಾಗಲಿಲ್ಲ. ಕೊನೆಗೆ ಗೌಡರು ಏನು ಮಾಡಿದರೆಂದು ಮಾತ್ರ ಕೇಳಿದ.

“ಕೇಳಿದನಲ್ಲ, ಚರ್ಮ ಕೊಟ್ಟರು” ಎಂದರು ಗುರುಗಳು.