ಬೊಕ್ಕಸದವನ ಕೆಂಪು ಲಕೋಟೆ

ಕೇಳಿ ಮಕ್ಕಳೇ, ಬೆಟ್ಟದಾಚೆ ಒಂದು ರಾಜ್ಯ. ಅಲ್ಲಿ ಯಾರ ಮದುವೆಯಾದರೂ ರಾಜನಿಂದ ಹುಡುಗಿಗೆ ಹಿಡಿ ಚಿನ್ನದ ವರಹ ಉಡುಗೊರೆ. ಅದನ್ನು ಕೈಯಲ್ಲೇ ಮಾಡಿದ ಕೆಂಪು ಲಕೋಟೆಯಲ್ಲಿಟ್ಟು ಕೊಡಬೇಕು. ಕೊಟ್ಟವರ ಎದುರಿಗೆ ಒಡೆಯಬಾರದು, ಒಳಗೇನಿತ್ತು ಅಂತ ಹೊರಗೆ ಆಡಬಾರದು. ಅದು ಅಲ್ಲಿಯ ರಿವಾಜು.

ಲಕೋಟೆ ತಲುಪಿಸುವ ಕೆಲಸ ಬೊಕ್ಕಸದ ಅಧಿಕಾರಿ ದೊರೆಸಾಮಯ್ಯನದು. ಅವನಿಗೆ ಈ ರಿವಾಜೇ ಹಬ್ಬದೂಟ. ರಾಜ ಕೊಟ್ಟ ವರಹ ಸೊಂಟಕ್ಕೆ, ಲಕೋಟೆಗೆ ಹುಣಸೆ ಬೀಜ! ಕುಂಬಾರರ ಸಾಕವ್ವನಿಗೂ ಬೀಜ, ಗಾಣಿಗರ ನಿಂಗಿಗೂ ಬೀಜ. ಪಾಪ, ಹೇಳಿಕೊಂಡರೆ ಮರ್ಯಾದೆ ಹೋಗುತ್ತದೆ ಅಂತ ಇಬ್ಬರೂ ಬಾಯಿ ಹೊಲಿದುಕೊಂಡು ಕೂತರು. ಲಕೋಟೆ ಮಾಡುವ ಗೆಳತಿ ಪುಟ್ಟನಂಜಿಯ ಕಿವಿಗೆ ಮಾತ್ರ ಹಾಕಿದರು.

ಮೂರನೆಯ ಮದುವೆ ಪುಟ್ಟನಂಜಿಯದೇ. ಗಂಡು ನೇಯ್ಗೆಯವನು, ಸ್ವಂತ ಮಗ್ಗವಿಲ್ಲ. ರಾಜನ ವರಹ ಬಂದರೆ ಮಗ್ಗ, ಇಲ್ಲದಿದ್ದರೆ ಜನ್ಮವಿಡೀ ಕೂಲಿ. ಅವಳು ಗೆಳತಿಯರ ಬೀಜಗಳನ್ನು ಎರಡು ಹೊಸ ಲಕೋಟೆಗೆ ಹಾಕಿ, ಒಡೆದೇ ಇಲ್ಲವೆಂಬಂತೆ ಅಂಟಿಸಿಟ್ಟಳು.

ಮದುವೆಯ ದಿನ ದೊರೆಸಾಮಯ್ಯ ಹಲ್ಲು ಕಿರಿಯುತ್ತ ಬಂದು ಲಕೋಟೆ ಕೊಟ್ಟ.

"ಬುದ್ಧೀ, ಇದನ್ನ ಮಹಾಸ್ವಾಮಿಗಳ ಕೈಲೇ ಒಡೆಸ್ತೀನಿ. ಕೊಟ್ಟವರೇ ಒಡೆದ್ರೆ ರಿವಾಜು ಮುರಿಯಾಕಿಲ್ಲ. ಅವರ ಕೈಗುಣ ಬಲು ಒಳ್ಳೇದಂತೆ," ಅಂದಳು ಪುಟ್ಟನಂಜಿ.

ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು. "ಅಯ್ಯೋ, ಅವರಿಗೆ ಬಿಡುವಿಲ್ಲಮ್ಮ!"

"ಕಾಯ್ತೀವಿ ಬುದ್ಧಿ. ಸಾಕವ್ವ, ನಿಂಗಿನೂ ಅವರವರ ಲಕೋಟೆ ತಂದವ್ರೆ. ಮೂವರೂ ಒಟ್ಟಿಗೇ ಹೋಯ್ತೀವಿ."

"ತಾಳಿ, ತಾಳಿ! ನನ್ನ ಮುಯ್ಯಿ ಹಾಕೋದೇ ಮರೆತೆ!"

ಮೂರನ್ನೂ ಕಸಿದುಕೊಂಡು ಮೂಲೆಗೆ ಓಡಿದ. ಬೀಜ ಸುರಿದ. ಒಂದಕ್ಕೆ ಸೊಂಟದ ವರಹ. ಇನ್ನೊಂದಕ್ಕೆ ಪೇಟದೊಳಗೆ ಬಚ್ಚಿಟ್ಟ ವರಹ. ಮತ್ತೊಂದಕ್ಕೆ? ಏನೂ ಇಲ್ಲ! ಚಿನ್ನ ತಾನೇ, ಏನಾದರೇನು ಅಂತ ಅವಸರದಲ್ಲಿ ಬೆರಳಿನ ಉಂಗುರ ಕಿತ್ತು ತುರುಕಿದ. ಅನ್ನದ ಅಗುಳು ಹಚ್ಚಿ ಮೂರನ್ನೂ ಅಂಟಿಸಿ ಹುಡುಗಿಯರ ಕೈಗೆ ವಾಪಸ್ಸು ಕೊಟ್ಟ.

ಹುಡುಗಿಯರು ಅರಮನೆಗೆ ಹೋಗಿಯೇ ಹೋದರು. ದೊರೆಸಾಮಯ್ಯನೂ ಹಿಂದೆಯೇ ಓಡಿದ. ರಾಜ ಒಡೆದ. ವರಹ. ವರಹ. ಮೂರನೆಯದರಿಂದ ಬೊಕ್ಕಸದ ಮುದ್ರೆಯುಂಗುರ ಉರುಳಿ ಬಿತ್ತು.

"ನಾನು ಕಳಿಸಿದ್ದು ವರಹ. ಇದು ಹೇಗಯ್ಯಾ ಬಂತು?"

ದೊರೆಸಾಮಯ್ಯ ಬರಿಬೆರಳನ್ನು ಪಂಚೆಯಲ್ಲಿ ಮುಚ್ಚಿಕೊಂಡ. ಪುಟ್ಟನಂಜಿ ನಡೆದದ್ದನ್ನೆಲ್ಲ ಒದರಿಬಿಟ್ಟಳು.

ರಾಜ ಉಂಗುರವನ್ನು ತನ್ನ ಬಳಿಯೇ ಇಟ್ಟುಕೊಂಡ. "ಇದು ಬಿಟ್ಟ ಬೆರಳಿಗೆ ನನ್ನ ಬೊಕ್ಕಸದಲ್ಲಿ ಕೆಲಸವಿಲ್ಲ, ನಡಿ!" ಅಂದ. ಬಾಕಿ ವರಹವನ್ನು ಅವನ ಮನೆಯಿಂದಲೇ ತರಿಸಿದ. ಪುಟ್ಟನಂಜಿಯ ಮನೆಗೆ ಮಗ್ಗ ಬಂತು.

ಅದಕ್ಕೇ ಮಕ್ಕಳೇ, ಇನ್ನೊಬ್ಬರಿಗೆ ತಲುಪಿಸು ಅಂತ ಕೊಟ್ಟದ್ದನ್ನು ನುಂಗಬೇಡಿ. ಮರ್ಯಾದೆಗೆ ಅಂಜಿ ಸುಮ್ಮನಿದ್ದವರು ಒಂದು ದಿನ ಒಟ್ಟಾಗಿ ಬಂದರೆ, ನುಂಗಿದ್ದೆಲ್ಲ ಕಕ್ಕಬೇಕಾಗುತ್ತದೆ.