ಸಾಣೆಯವನ ಸೀಟು

“ಅಜ್ಜಾರ, ಕಂಬಳಿ ಒಯ್ಯಲೋ, ಬಿಡಲೋ?” ಎಂದು ಅಡಿವೆಪ್ಪ ಗುರುಗಳನ್ನು ಕೇಳಿದ.

ಮಾರನೆಯ ದಿನ ಅವನು ಗುಡ್ಡದ ಮೇಲಿನ ಗವಿಗೆ ಹೊರಡುವವನಿದ್ದ. ಅಲ್ಲಿ ನಲವತ್ತು ದಿನ ಕೂತು ಜಪ ಮಾಡುವ ಸಂಕಲ್ಪ. ಹಿಂದೆ ಎರಡು ಸಲ ಹೋಗಿ ಎರಡು ಸಲವೂ ಅರ್ಧಕ್ಕೇ ಎದ್ದು ಬಂದಿದ್ದ. ಈ ಸಲ ಬಿಡುವುದಿಲ್ಲ ಎಂದು ಹಲ್ಲು ಕಚ್ಚಿ ನಿಂತಿದ್ದ. ಕಂಬಳಿ ಮಡಚಿ ಹಾಸಿದರೆ ಮೆತ್ತಗೆ, ಹೊತ್ತರೆ ಭಾರ. ಬಿಟ್ಟೇ ಹೋಗುವುದೆಂದು ಅವನು ಒಳಗೊಳಗೇ ತೀರ್ಮಾನಿಸಿಯೂ ಆಗಿತ್ತು.

ಗುರುಗಳು ಅವನನ್ನು ಕೂರಿಸಿ ಕತೆ ಹೇಳಿದರು.

ಒಬ್ಬ ಸಾಣೆ ಹಿಡಿಯುವವನಿದ್ದ. ಅವನ ಅಂಗಡಿಯೆಂದರೆ ಒಂದು ಸೈಕಲ್. ಊರಿಂದ ಊರಿಗೆ ತುಳಿಯುತ್ತಿದ್ದ. ಊರು ಬಂದೊಡನೆ ಸ್ಟ್ಯಾಂಡ್ ಹಾಕಿ, ಹಿಂದಿನ ಗಾಲಿಗೂ ಸಾಣೆಕಲ್ಲಿಗೂ ಪಟ್ಟಿ ಬಿಗಿದು, ಅದೇ ಸೀಟಿನ ಮೇಲೆ ಕೂತು ಮತ್ತೆ ತುಳಿಯುತ್ತಿದ್ದ. ಸೈಕಲ್ ನಿಂತಲ್ಲೇ ಕಲ್ಲು ತಿರುಗುತ್ತಿತ್ತು. ಅವನು ಸಾಣೆ ಹಿಡಿದ ಕುಡುಗೋಲು ಇಡೀ ಸುಗ್ಗಿ ಬಾಳುತ್ತದೆ ಎಂಬ ಮಾತು ಹನ್ನೆರಡು ಊರುಗಳಲ್ಲಿತ್ತು. ಆ ಮಾತೇ ಅವನ ಅನ್ನ.

ಒಂದು ದಿನ ಅವನ ಸೀಟು ಹರಿದುಹೋಯಿತು. ಪಟ್ಟಣದ ಸೈಕಲ್ ಅಂಗಡಿಯವನು ಎರಡು ಸೀಟು ಮುಂದಿಟ್ಟ. ಒಂದು ತೆಳುವಾದದ್ದು, ಎರಡು ಬೆರಳಲ್ಲಿ ಎತ್ತಬಹುದಿತ್ತು. ಇನ್ನೊಂದು ಅಗಲವಾದದ್ದು, ಕೆಳಗೆ ಸ್ಪ್ರಿಂಗು, ಒಂದು ಕಿಲೋ ಹೆಚ್ಚು. ಸಾಣೆಯವನು ಎರಡನ್ನೂ ಎರಡು ಕೈಯಲ್ಲಿ ಹಿಡಿದು ತೂಗಿದ. ಪಟ್ಟಣದಿಂದಾಚೆಗೆ ಏಳು ಏರುಗಳಿದ್ದವು. ಅವನ ಮೊಣಕಾಲಿಗೆ ಅವು ಒಂದೊಂದೂ ಗೊತ್ತು.

“ಒಮ್ಮೆ ಕುಂತರ ನೋಡಪಾ,” ಎಂದ ಅಂಗಡಿಯವನು.

“ಕುಂದರೋದ್ರಾಗ ನೋಡೋದೇನೈತಿ? ಅದು ಎಲ್ಲಾರಿಗೂ ಬರತೈತಿ. ಏರಿನ್ಯಾಗ ತುಳಿಯಾಂವ ನಾನು, ನೀನಲ್ಲ.”

ತೆಳು ಸೀಟನ್ನೇ ಹಾಕಿಸಿಕೊಂಡು ಹೊರಟ. ಏಳು ಏರನ್ನೂ ಕೆಳಗಿಳಿಯದೆ ಹತ್ತಿದ. ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡ.

ಊರಲ್ಲಿ ಸ್ಟ್ಯಾಂಡ್ ಹಾಕಿ ಕೂತ. ಮೂರನೆಯ ಕುಡುಗೋಲಿಗೆ ಸೊಂಟ ಹಿಡಿಯಿತು. ಐದನೆಯದಕ್ಕೆ ಬಲಕ್ಕೆ ವಾಲಿದ, ಎಂಟನೆಯದಕ್ಕೆ ಎಡಕ್ಕೆ. ಆದರೂ ಹಠಗಾರ, ಏಳಲಿಲ್ಲ. ಕೊನೆಯದಾಗಿ ಆ ಊರ ದರ್ಜಿಯ ಕತ್ತರಿ ಮುಗಿಸಿಯೇ ಇಳಿದ.

ಮುಂದಿನ ಸಲ ಬಂದಾಗ ದರ್ಜಿ ಆ ಕತ್ತರಿ ಹಿಡಿದು ಬಾಗಿಲಲ್ಲೇ ಕಾದಿದ್ದ. “ಇದು ಅರಿವಿ ಕತ್ತರಿಸವಲ್ದೋ, ಅಗಿಯಾಕ ಹತ್ತೈತಿ. ಎಲಿ ಅಡಿಕಿ ಕೊಡಲೇನು ಇದಕ್ಕ?”

ಸಾಣೆಯವನ ತಲೆ ತಗ್ಗಿತು. ಕಲ್ಲು ಸವೆದಿರಬೇಕು ಎಂದುಕೊಂಡ. ನುಣುಪಾದ ಇನ್ನೊಂದು ಕಲ್ಲು ತಂದು ಕ್ಯಾರಿಯರಿಗೆ ಕಟ್ಟಿದ. ಅದರ ತೂಕ ನಾಲ್ಕು ಕಿಲೋ. ಏರಿನಲ್ಲಿ ಏದುಸಿರು ಬಿಟ್ಟ. ಎರಡೂ ಕಲ್ಲಿಗೆ ಹಿಡಿದರೂ ಅಲಗಿನ ಬಾಯಿ ಮೊಂಡೇ. ಉಳಿದ ಊರುಗಳಲ್ಲಿಯೂ ಅವನು ಬೀದಿಯಲ್ಲಿ ಕೂಗಿದರೆ ಯಾರೂ ಕತ್ತಿ ತರದಾದರು.

ಮೂರನೆಯ ಸಲ ದರ್ಜಿ ಕತ್ತರಿ ಕೊಟ್ಟು ಎದುರಿಗೇ ನಿಂತು ನೋಡಿದ. “ಕಲ್ಲಿನ ತಪ್ಪಲ್ಲ,” ಎಂದ. “ನಾನೂ ದಿನಾ ಹೊಲಿಗಿ ಮಷೀನಿನ ಮುಂದ ಕುಂತು ತುಳಿಯಾಂವನ. ನಿನ್ನ ಕಣ್ಣು ಕತ್ತರಿ ಮ್ಯಾಲ ಐತಿ, ಜೀವ ಎಲ್ಲಾ ಕುಂಡಿಯಾಗೈತಿ.”

ಸುತ್ತಲಿದ್ದವರು ನಕ್ಕರು. ಸಾಣೆಯವನು ನಗಲಿಲ್ಲ. ಕಲ್ಲು ನಿಲ್ಲಿಸಿದ. “ನಾಡಿದ್ದು ಬರತೀನಿ. ಅಲ್ಲೀತನಕ ಇದನ್ನ ಬ್ಯಾರೇ ಯಾರಿಗೂ ಕೊಡಬ್ಯಾಡ,” ಎಂದು ಕತ್ತರಿ ಮರಳಿಸಿ ಪಟ್ಟಣಕ್ಕೆ ತಿರುಗಿದ.

ಅಗಲವಾದ ಸೀಟು ಹಾಕಿಸಿದ. ಈ ಸಲ ತೂಗಲಿಲ್ಲ. ಅಂಗಡಿಯ ಮುಂದೆಯೇ ಸ್ಟ್ಯಾಂಡ್ ಹಾಕಿ, ತುಕ್ಕು ಹಿಡಿದ ಒಂದು ಚಾಕು ಬೇಡಿ ತೆಗೆದುಕೊಂಡು, ಬಿಸಿಲು ನೆತ್ತಿಗೆ ಬರುವವರೆಗೂ ಕೂತ. ಎದ್ದಾಗ ಚಾಕು ಕೂದಲು ಸೀಳುತ್ತಿತ್ತು. ಎರಡನೆಯ ಕಲ್ಲನ್ನು ಅಲ್ಲೇ ಬಿಟ್ಟ.

ಐದು ಏರು ತುಳಿದ. ಉಳಿದ ಎರಡರಲ್ಲಿ ಇಳಿದು, ಬೆವರು ಸುರಿಸುತ್ತ ತಳ್ಳಿದ. ಹೇಳಿದ ದಿನ ದರ್ಜಿಯ ಬಾಗಿಲಿಗೆ ಬಂದು ಕೂತ. ಅಲುಗದೆ ಕೂತ. ಆಮೇಲೆ ದರ್ಜಿ ಬಟ್ಟೆಗೆ ಕತ್ತರಿ ಇಟ್ಟರೆ ಅದು ಸದ್ದಿಲ್ಲದೆ ಹೋಯಿತು. ದಾರಿಯಲ್ಲಿ ಎಲ್ಲಿ ಇಳಿದೆ, ಎಷ್ಟು ದೂರ ತಳ್ಳಿದೆ ಎಂದು ಯಾರೂ ಕೇಳಲಿಲ್ಲ. ಒಳಗಿನಿಂದ ಈಳಿಗೆ ಬಂತು, ಕುಡುಗೋಲು ಬಂತು. ಕತ್ತಲಾಗುವವರೆಗೆ ಅವನು ಏಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಅಡಿವೆಪ್ಪನ ಹಠ ಇನ್ನೂ ಇಳಿದಿರಲಿಲ್ಲ. “ಖರೇ ಅಜ್ಜಾರ. ಆದರ ಗುಡ್ಡದ ದಾರಿ ಭಾಳ ಕಡಿದು. ಕಂಬಳಿ ಹೊತ್ತರ ಹತ್ತೋದು ತಡ ಆಗತೈತಿ,” ಎಂದ.

“ನೀ ಹೊಂಟಿದ್ದು ಹತ್ತಾಕೋ, ಕುಂದರಾಕೋ?” ಎಂದರು ಗುರುಗಳು.