ಟಪಾಲಿನ ಹುಚ್ಚೀರಪ್ಪ

ಬಹಳ ಹಿಂದಿನ ಮಾತು, ಇಸವಿ ಗಿಸವಿ ಕೇಳಬೇಡಿ. ಸಿಂಗಟಗೇರಿ ಅನ್ನೋ ಒಂದೂರಿಗೆ ನಾಟಕ ಕಂಪನಿಯೊಂದು ಬಂದು ಡೇರೆ ಹಾಕಿತು. ಅದರಲ್ಲಿ ಹುಚ್ಚೀರಪ್ಪ ಅಂತ ಒಬ್ಬ ನಟ. ಮೂವತ್ತು ವರ್ಷ ಬಣ್ಣ ಹಚ್ಚಿದ್ದ, ಒಮ್ಮೆಯೂ ರಾಜನಾಗಿರಲಿಲ್ಲವಂತೆ. ಬಾಗಿಲು ಕಾಯುವವ, ಜೈಲಿನ ಜವಾನ, ಮದುವೆ ದಲ್ಲಾಳಿ, ಇಂಥವೇ. ಎರಡು ಮಾತು, ಹೆಚ್ಚೆಂದರೆ ನಾಲ್ಕು. ಆದರೆ ಅವನು ಪೊಲೀಸನಾಗಿ ಬಂದರೆ ಮುಂದೆ ಕೂತ ಇಸ್ಪೀಟಿನವರು ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದರಂತೆ. ವೈದ್ಯನಾಗಿ ಬಂದ ಮರುದಿನ ಡೇರೆ ಮುಂದೆ ರೋಗಿಗಳು ಸಾಲು ನಿಂತಿದ್ದರಂತೆ. ಹತ್ತು ಜನ ಅನ್ನುವವರೂ ಇದ್ದಾರೆ, ನೂರು ಅನ್ನುವವರೂ ಇದ್ದಾರೆ.

ಸಿಂಗಟಗೇರಿಯ ಆಟದಲ್ಲಿ ಅವನದು ಟಪಾಲಿನವನ ಪಾತ್ರ. ಖಾಕಿ ಅಂಗಿ ತೊಟ್ಟು, ಚೀಲ ಹೆಗಲಿಗೇರಿಸಿ ಬಂದ. ಜನರ ನಡುವಿನಿಂದ ಸಾಂತವ್ವ ಅನ್ನೋ ಮುದುಕಿ ಎದ್ದು ನಿಂತಳು. ದುಡಿಯಲು ಸೊಲ್ಲಾಪುರಕ್ಕೆ ಹೋದ ಅವಳ ಮಗ ಯಮನಪ್ಪನ ಸುದ್ದಿ ಇಲ್ಲದೆ ನಾಲ್ಕು ವರ್ಷವಾಗಿತ್ತು.

"ನನ್ನ ಮಗಂದೂ ಕಾಗದ ಬಂದೈತೇನಪ್ಪಾ?" ಅಂದಳು.

ಜನ ನಕ್ಕರು. ಹುಚ್ಚೀರಪ್ಪ ನಗಲಿಲ್ಲ. ಚೀಲದೊಳಗೆ ಕೈಹಾಕಿ ಹುಡುಕಿ ನೋಡಿ ಹೇಳಿದ: "ಇವತ್ತ ಬಂದಿಲ್ಲ ಯವ್ವಾ. ಬಂದ ದಿನ ನಾನ ತರ್ತೀನಿ."

ಆಡಿದ ಮಾತು ಅವನನ್ನು ಬಿಡಲಿಲ್ಲ. ಕಂಪನಿ ಹೋದಲ್ಲೆಲ್ಲ ಯಮನಪ್ಪನನ್ನು ವಿಚಾರಿಸಿದ. ಎರಡು ವರ್ಷದ ಮೇಲೆ ಸೊಲ್ಲಾಪುರದಲ್ಲೇ ಸಿಕ್ಕ. ಗಿರಣಿಯಲ್ಲಿ ಬಲಗೈ ಕಳಕೊಂಡು, ಅವ್ವನಿಗೆ ಹೇಗೆ ಮುಖ ತೋರಿಸಲಿ ಅಂತ ಕೂತಿದ್ದ. ಹುಚ್ಚೀರಪ್ಪ ಅವನಿಗೆ ಬೈದ, ಆಮೇಲೆ ಅವನ ಜೊತೆ ಅತ್ತ ಅಂತಾರೆ. ಕಡೆಗೆ ಯಮನಪ್ಪ ಯಾರಿಂದಲೋ ಒಂದು ಕಾಗದ ಬರೆಸಿ ಕೊಟ್ಟ. ಬಿಜಾಪುರದ ಮೊಕ್ಕಾಂ ಮುಗಿದ ಮೇಲೆ ಮುಟ್ಟಿಸಿದರಾಯಿತು ಅಂದುಕೊಂಡ ಹುಚ್ಚೀರಪ್ಪ.

ಬಿಜಾಪುರದಲ್ಲಿ ಒಂದು ದಿನ ರಾಜನ ಪಾತ್ರದವನ ಗಂಟಲು ಕಟ್ಟಿತು. ಇವತ್ತು ನೀನೇ ರಾಜ ಅಂತ ಮಾಲೀಕ ಹುಚ್ಚೀರಪ್ಪನ ಕೈಗೆ ಕಿರೀಟ ಕೊಟ್ಟ. ಅದೇ ಹೊತ್ತಿಗೆ ಸಿಂಗಟಗೇರಿಯ ಕಡೆಯವನೊಬ್ಬ ಬಂದು, ಸಾಂತವ್ವ ಹಾಸಿಗೆ ಹಿಡಿದಿದ್ದಾಳೆ, ಇವತ್ತೋ ನಾಳೆಯೋ ಅಂದ. ಹುಚ್ಚೀರಪ್ಪ ಕಿರೀಟವನ್ನು ಸ್ವಲ್ಪ ಹೊತ್ತು ತಿರುಗಿಸಿ ತಿರುಗಿಸಿ ನೋಡಿದನಂತೆ. ಆಮೇಲೆ ಕೆಳಗಿಟ್ಟು, ಪೆಟ್ಟಿಗೆಯಿಂದ ಖಾಕಿ ಅಂಗಿ ತೆಗೆದ.

"ಇಂಥಾ ವ್ಯಾಳ್ಯಾ ಮತ್ತ ಬರೂದಿಲ್ಲೋ," ಅಂದ ಮಾಲೀಕ.

"ರಾಜಾ ಯಾರರೆ ಆಗ್ತಾರ್ರಿ ಧಣ್ಯಾರ. ಆ ಮುದುಕಿಗೆ ಟಪಾಲಿನವ ನಾ ಒಬ್ಬನ."

ಹನ್ನೆರಡು ಹರದಾರಿ ಎಲ್ಲೂ ನಿಲ್ಲದೆ ನಡೆದ ಅಂತಾರೆ. ಖಾಕಿ ಅಂಗಿ ಕಂಡದ್ದೇ ಸಾಂತವ್ವ ಎದ್ದು ಕೂತಳು. ಕಾಗದ ಮಾತ್ರ ಕೇಳಲಿಲ್ಲ. ಒಳಗೆ ಏನಿದೆಯೋ ಅಂತ ಹೆದರಿಕೆ. ಮೊದಲು ಬೆಲ್ಲ ನೀರು ಕೊಡಿಸಿದಳು. ಅವನು ಕುಡಿದು ಚೆಂಬು ಕೆಳಗಿಡುವ ತನಕ ನೋಡುತ್ತ ಕೂತಳು. ಆಮೇಲೆ, "ಈಗ ಓದಪ್ಪಾ" ಅಂದಳು.

"ಯವ್ವಾ, ಕೈ ಹೋಗೈತಿ, ನಾ ಅದೀನಿ. ಹಬ್ಬಕ್ಕ ಬರ್ತೀನಿ."

ಮೂರು ಸಲ ಓದಿಸಿದಳಂತೆ. ಹಬ್ಬಕ್ಕೆ ಮಗ ಬಂದ. ಮುದುಕಿ ಮತ್ತೆ ಆರು ವರ್ಷ ಬದುಕಿದಳು. ಹನ್ನೆರಡು ಅನ್ನುವವರೂ ಇದ್ದಾರೆ. ಹುಚ್ಚೀರಪ್ಪ ಕಂಪನಿಗೆ ಮರಳಿ ಸಾಯುವ ತನಕ ಬಾಗಿಲು ಕಾದ.

ಈಗಲೂ ಸಿಂಗಟಗೇರಿಯಲ್ಲಿ ಯಾವ ನಾಟಕವೇ ಆಗಲಿ, ಟಪಾಲಿನವ ರಂಗದ ಮೇಲೆ ಬಂದರೆ ಆಟ ನಿಲ್ಲುತ್ತದೆ. ಜನರೊಳಗಿಂದ ಯಾರಾದರೂ ಒಬ್ಬ ಹೆಂಗಸು ಬೆಲ್ಲ, ನೀರು ಹಿಡಿದು ಮೇಲೇರುತ್ತಾಳೆ. ಅವನು ತಿಂದು ಕುಡಿಯಬೇಕು. ಅಲ್ಲಿಯ ತನಕ ಕಾಗದ ಬಿಚ್ಚುವ ಹಾಗಿಲ್ಲ.